ಇಟಲಿಯ ಹೆಣಗಳೂ ಬಸಲಿಂಗಪ್ಪ ಸರ್ ಅವರೂ

ಬೈಲಹೊಂಗಲದಲ್ಲಿ ಸಿನಿಮಾದ ಬಗ್ಗೆ ಬಾಯಿ ಬಿಡಬೇಕಾದರೆ ಮೊದಲು ಬಸಲಿಂಗಪ್ಪ ಸರ್ ಅವರ ಮುಖ ನೋಡಬೇಕು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಚಿತ್ರ ಸಮಾಜದ ಅಧ್ಯಕ್ಷರು. ಹೆಗಲ ಮೇಲೆ ಯಾವಾಗಲೂ ಒಂದು ಶಾಲು. ಅದನ್ನು ಯಾರೂ ಹೊದಿಸಿ ಸನ್ಮಾನಿಸಿದ್ದಲ್ಲ, ತಾವೇ ಕೊಂಡದ್ದು.

2008ರಲ್ಲಿ ಅವರ ಕಡೆಯಿಂದ ನಮ್ಮ ಮನೆಗೊಂದು ಆಮಂತ್ರಣ ಬಂತು. ಸತ್ತವರು ಎದ್ದು ಬರುವ ಒಂದು ಇಟಲಿ ಸಿನಿಮಾ ತೋರಿಸುತ್ತಾರಂತೆ, ಅದಕ್ಕೂ ಮುಂಚೆ ಅಧ್ಯಕ್ಷರಿಂದ ಅದರ 'ಮರುಮೌಲ್ಯಮಾಪನ'ವಂತೆ. ಓದಿ ನನಗೆ ಮೈಯೆಲ್ಲ ಉರಿಯಿತು. ಏಕೆಂದರೆ ಆ ಸಿನಿಮಾ ಈ ಊರಿಗೆ ಮೊದಲು ಬಂದದ್ದು ನಮ್ಮ ಟಾಕೀಜಿಗೆ. ತೋರಿಸಿದವರು ನನ್ನ ಗಂಡ ಶಂಕರೆಪ್ಪ. ಅದನ್ನು ನಿಲ್ಲಿಸಿದವರು ಇದೇ ಬಸಲಿಂಗಪ್ಪ ಸರ್.

ಅದು 1997ರ ಮಾತು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ರೀಲಿನ ಡಬ್ಬಿ ಬಂದವು. ನಾವು ಕೇಳಿದ್ದು ಒಂದು ಹಿಂದಿ ಹೊಡೆದಾಟದ ಸಿನಿಮಾ, ಬಂದದ್ದು ಇದು. ವಾಪಸು ಕಳಿಸಲು ಹೊತ್ತಿರಲಿಲ್ಲ, ಹಾಗೇ ಹಾಕಿದೆವು. ಇಟಲಿಯ ಒಂದು ಗುಡ್ಡದ ಊರು. ಅಲ್ಲೊಬ್ಬ ಕ್ಷೌರದಂಗಡಿಯವನು. ಶುಕ್ರವಾರ ಬಂತೆಂದರೆ ಸತ್ತವರೆಲ್ಲ ಗೋರಿಯಿಂದೆದ್ದು ಗಡ್ಡ ತೆಗೆಸಿಕೊಳ್ಳಲು ಇವನ ಅಂಗಡಿಗೆ ಬರುತ್ತಾರೆ. ಸತ್ತ ಮೇಲೂ ಗಡ್ಡ ಬೆಳೆಯುತ್ತದಂತೆ! ಅಲ್ಲಿಂದ ತಮ್ಮ ತಮ್ಮ ಮನೆಗೆ ಹೋಗಿ, ಅಡುಗೆಮನೆಯಲ್ಲಿ ಡಬ್ಬಿಗಳ ಜಾಗ ಬದಲಾಗಿದ್ದರೆ ಸಿಟ್ಟು ಬಂದು ಸೊಸೆಯನ್ನು ಕಚ್ಚುತ್ತಾರೆ. ನಡುನಡುವೆ ಮೀನು ಹಾರುತ್ತವೆ, ಯಾಕೆಂದು ಕೇಳಬಾರದು. ಅಕ್ಷರ ಕೆಳಗೆ ಇಂಗ್ಲಿಷಿನಲ್ಲಿ ಓಡುತ್ತಿದ್ದವು, ಮಾತು ಇಟಲಿಯದು. ಮೊದಲ ಆಟದಲ್ಲಿ ಜನ ಕುರ್ಚಿ ಬಡಿಯತೊಡಗಿದರು.

ಆಗ ನಮ್ಮ ಮನೆಯವರು, ಇವರು, ಮೈಕು ಹಿಡಿದರು. 'ಸೈಕಲ್ಲಿಗೆ ಕೀಲಿ ಹಾಕ್ರಿ' ಎಂದು ಹೇಳಲು ಇಟ್ಟುಕೊಂಡಿದ್ದ ಮೈಕು ಅದು. ಪ್ರೊಜೆಕ್ಟರ್ ಕೋಣೆಯಿಂದ ಕತೆ ಹೇಳತೊಡಗಿದರು.

"ಈ ಮನಷ್ಯಾ ಸತ್ತು ಮೂರು ವರ್ಷಾತು. ಹೇಂತಿ ಇನ್ನೂ ಅದ ಸಾರು ಮಾಡಾಕ ಹತ್ತ್ಯಾಳ. ಸಿಟ್ಟು ಬರೂದಿಲ್ಲೇನ್ರಿ?"

ಟಿಕೀಟಿನ ಕಿಟಕಿಯಲ್ಲಿದ್ದ ನನಗೆ ಗೋಡೆಯಾಚೆಯ ನಗು ಕೇಳಿಸಿತು. ಅಂಥ ನಗು ನಮ್ಮ ಟಾಕೀಜಿನಲ್ಲಿ ನಾನು ಕೇಳಿರಲಿಲ್ಲ. ಮರುದಿನ ಮ್ಯಾಟಿನಿಗೆ ಹೆಂಗಸರೂ ಬಂದರು, ಸವದತ್ತಿಯಿಂದ ಟೆಂಪೋ ಮಾಡಿಕೊಂಡು ಬಂದರು. ನೋಡಿದವರೇ ಮತ್ತೆ ಬಂದರು. ಸಿನಿಮಾ ನೋಡಲಿಕ್ಕಲ್ಲ, ಇವರ ಮಾತು ಕೇಳಲಿಕ್ಕೆ. ಒಂದೊಂದು ಆಟಕ್ಕೆ ಒಂದೊಂದು ಮಾತು, ಹೇಳಿದ್ದನ್ನೇ ಹೇಳುವ ಜಾತಿಯಲ್ಲ ಇವರದು.

ನಾಲ್ಕನೆಯ ದಿನ ಹೆಣಗಳೆಲ್ಲ ಒಟ್ಟಿಗೆ ಗೋರಿಯಿಂದೇಳುವಾಗ ಇವರು ಹೇಳಿದರು: "ಅಂಜಬ್ಯಾಡ್ರಿ. ಅವರದು ಮಲಗಿಸಿ ಹುಗಿಯೂ ಪದ್ಧತಿ, ನಿದ್ದಿ ಮುಗೀತಂದ್ರ ಎದ್ದ ಬರ್ತಾರ. ನಮ್ಮವರನ್ನ ಕುಂಡ್ರಿಸಿ ಹುಗದಿರ್ತೇವಿ. ಚಕ್ಕಳಮಕ್ಕಳ ಹಾಕಿ ಕುಂತು ಕುಂತು ಕಾಲು ಜೋಮು ಹಿಡದಿರ್ತಾವ. ಏಳಾಕಾದ್ರೂ ಹೆಂಗ ಏಳತಾರ?"

ಟಾಕೀಜು ಹಾರಿಹೋಗುವಂತೆ ನಕ್ಕರು. ಹಣೆತುಂಬ ವಿಭೂತಿ ಇದ್ದ ಹಿರಿಯರೇ ಹೆಚ್ಚು ನಕ್ಕರು. ನಮ್ಮತ್ತೆ ಕೆಂಚವ್ವ ಅದೇ ವರ್ಷ ಮಾವನವರನ್ನು ಕೂರಿಸಿ ಮಣ್ಣು ಮಾಡಿದವಳು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. "ನಿಮ್ಮಪ್ಪಗ ಮೊದಲ ಮೊಣಕಾಲು ಬ್ಯಾನಿ ಇತ್ತಲ್ಲೋ" ಎಂದು ಮನೆಗೆ ಬಂದ ಮೇಲೂ ನಕ್ಕಳು, ಆಮೇಲೆ ಅತ್ತಳು, ಅತ್ತು ಹಗುರಾದಳು.

ನಗದವರು ಒಬ್ಬರೇ, ಬಸಲಿಂಗಪ್ಪ ಸರ್. ನಗಲು ಅವರು ಒಳಗೆ ಬಂದೇ ಇರಲಿಲ್ಲ. ಯಾರದೋ ಬಾಯಿಂದ ಕೇಳಿ ಊರಿನ ವಾರಪತ್ರಿಕೆಗೆ ಉದ್ದನೆಯ ಲೇಖನ ಬರೆದರು. ಹೇಸಿಗೆಯ ಪರದೇಶಿ ಸಿನಿಮಾ, ಅದರ ಮೇಲೆ ನಮ್ಮ ಸಂಸ್ಕಾರದ ಅಪಹಾಸ್ಯ, ಪ್ರದರ್ಶಕರ ಬುದ್ಧಿಹೀನತೆ, ಹೀಗೆ. ಶನಿವಾರ ಒಂದಿಷ್ಟು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ನಮ್ಮ ಗೇಟಿಗೆ ಬಂದು ಕುಳಿತರು. ಮುಂದಿನ ಪರೀಕ್ಷೆಯ ಅಂಕ ಸರ್ ಕೈಯಲ್ಲಿದ್ದ ಹುಡುಗರು ಮತ್ತೇನು ಮಾಡಿಯಾರು? ಒಳಗೆ ಕೂತು ಹೊಟ್ಟೆ ಹಿಡಿದು ನಕ್ಕಿದ್ದ ಹಿರಿಯರು ಅಂದು ಗಂಭೀರವಾಗಿ ತಲೆ ಹಾಕಿದರು. "ಕ್ಷಮಾ ಕೇಳಿಬಿಡಪಾ ಶಂಕರೆಪ್ಪ, ಹೋಗತೈತಿ" ಎಂದರು. ಇವರು ಅದೇ ಮೈಕಿನಲ್ಲಿ, ಬೀದಿಗೆ ಕೇಳುವಂತೆ ಕ್ಷಮೆ ಕೇಳಿದರು. ಸಿನಿಮಾವನ್ನು ಅಂದೇ ತೆಗೆದೆವು.

ಟಾಕೀಜು ಆಮೇಲೆ ಮೂರು ವರ್ಷಕ್ಕೆ ಮುಚ್ಚಿತು. ಅದನ್ನು ಸರ್ ತಲೆಗೆ ಕಟ್ಟಲಾರೆ, ಮನೆಮನೆಗೆ ಕೇಬಲ್ ಬಂದಿತ್ತು. ಆದರೆ ಇವರ ಬಾಯಿ ಮುಚ್ಚಿದ್ದು ಆ ಶನಿವಾರವೇ. ಮದುವೆ ಮನೆಯಲ್ಲಿ ಹತ್ತು ಜನರನ್ನು ಸುತ್ತ ಕೂರಿಸಿಕೊಂಡು ಹರಟುತ್ತಿದ್ದ ಮನುಷ್ಯ ಮೂಲೆ ಹುಡುಕಿ ಕೂರತೊಡಗಿದರು. ಏನಾದರೂ ಹೇಳಲು ಬಾಯಿ ತೆರೆಯುವುದು, ಸುತ್ತ ನೋಡುವುದು, ಸುಮ್ಮನಾಗುವುದು. ನನ್ನೊಂದಿಗೂ ಅಷ್ಟೇ. ಹನ್ನೊಂದು ವರ್ಷ ನಾನು ಇಂಥ ಮನೆಯಲ್ಲಿ ರೊಟ್ಟಿ ಬಡಿದಿದ್ದೇನೆ.

ಆಮಂತ್ರಣ ನೋಡಿ ಇವರು ಮಾತ್ರ ಅರಳಿದರು. ಅಂಗಿಗೆ ತಾವೇ ಇಸ್ತ್ರಿ ಹಾಕಿದರು.

"ಹೋಗೂದೇನ ಬ್ಯಾಡ. ಯಾವ ಮುಖಾ ಇಟಗೊಂಡು ಕರದಾರ ಅವರು?" ಎಂದೆ.

"ಅವರಿಗೂ ತಿಳದೈತಿ ಈಗ. ಒಂದ ಮಾತು ಅಂತಾರ ನೋಡು, ಇದನ್ನ ಮೊದಲ ತಂದಾಂವ ಶಂಕರೆಪ್ಪ ಅಂತ. ಅಷ್ಟ ಸಾಕು ನನಗ."

ಆ ಒಂದು ಮಾತಿಗಾಗಿ ನಾವು ಭಾನುವಾರ ಮಧ್ಯಾಹ್ನ ಸಭಾಭವನದ ಮೂರನೇ ಸಾಲಿನಲ್ಲಿ ಕುಳಿತೆವು.

ಸರ್ ಒಂದು ತಾಸು ಮಾತಾಡಿದರು. ಇಂಟರ್ನೆಟ್ಟಿನಲ್ಲಿ ಯಾರೋ ಪರದೇಶದ ಪಂಡಿತ ಈ ಸಿನಿಮಾವನ್ನು ಮೇರುಕೃತಿ ಎಂದು ಬರೆದಿದ್ದನಂತೆ. ಅವನು ಬರೆದ ಮೇಲೆ ಸರ್ ಅವರಿಗೂ ಹಾಗೇ ಅನಿಸಿತಂತೆ. ಅತಿವಾಸ್ತವ ಎಂದರು, ಅಸಂಗತ ಎಂದರು, ಹಾರುವ ಮೀನು ಬಂಡವಾಳಶಾಹಿಯ ಪ್ರತೀಕ ಎಂದರು. ನನ್ನನ್ನು ಕೇಳಿದರೆ ಆ ಸಿನಿಮಾ ಅಂದು ಸರ್ ಬರೆದಷ್ಟು ಹೇಸಿಗೆಯೂ ಅಲ್ಲ, ಇಂದು ಹೇಳಿದಷ್ಟು ದೊಡ್ಡದೂ ಅಲ್ಲ. ಅರ್ಧ ಚಲೋ ಇದೆ, ಅರ್ಧ ಬಂಡಲ್. ಮೀನು ಆ ಅರ್ಧಕ್ಕೆ ಸೇರಿದ್ದು.

ಆಮೇಲೆ ಸರ್ ನೀರು ಕುಡಿದು, ಶಾಲು ಸರಿಪಡಿಸಿಕೊಂಡು ಹೇಳಿದರು: "ಪಾಶ್ಚಾತ್ಯರದು ಮಲಗಿದ ಸಾವು. ಆದ್ದರಿಂದ ಅದು ಏಳುತ್ತದೆ. ನಮ್ಮದು ಕುಳಿತ ಸಾವು. ಅದಕ್ಕೆ ಏಳುವ ಅಗತ್ಯವೇ ಇಲ್ಲ. ಇದು ನನ್ನದೇ ಆದ ಒಂದು ಒಳನೋಟ."

ಜನ ಬರೆದುಕೊಂಡರು. ಸರ್ ನನ್ನ ಗಂಡನ ಮಾತನ್ನು ಎತ್ತಿಕೊಂಡುಹೋಗಿ, ಕಾಲಿನ ಜೋಮು ಮಾತ್ರ ಬಿಟ್ಟುಹೋಗಿದ್ದರು. ಜೋಮು ತೆಗೆದರೆ ಆ ಮಾತಿನಲ್ಲಿ ಉಳಿಯುವುದೇನು, ಮಣ್ಣು? ಯಾರೂ ನಗಲಿಲ್ಲ. ಒಬ್ಬ ಚಪ್ಪಾಳೆ ಹೊಡೆದ.

ನಾನು ಇವರ ಮುಖ ನೋಡಿದೆ. ಇನ್ನೂ ಕಾಯುತ್ತಿದ್ದರು. ಹೆಸರು ಬರುತ್ತದೆಂದು ಕುರ್ಚಿಯ ತುದಿಗೆ ಸರಿದಿದ್ದರು.

"ಈ ಕೃತಿ ಹಿಂದೆ ಒಮ್ಮೆ ನಮ್ಮೂರಿಗೆ ಬಂದಿತ್ತು" ಎಂದರು ಸರ್. "ಆಗ ಊರು ಇದಕ್ಕೆ ಸಿದ್ಧವಾಗಿರಲಿಲ್ಲ. ತೋರಿಸಿದವರಿಗೂ, ಪಾಪ, ತಾವು ಏನು ತಂದಿದ್ದೇವೆಂದು ತಿಳಿದಿರಲಿಲ್ಲ."

ಪಾಪವಂತೆ! ಊರು ಟಿಕೀಟು ತೆಗೆದು ಎರಡೆರಡು ಸಲ ನೋಡಿತ್ತು. ಸಿದ್ಧವಿಲ್ಲದವರು ಗೇಟಿನ ಹೊರಗೆ ಕುಳಿತಿದ್ದರು. ನಾನು ಎದ್ದು ನಿಲ್ಲಬೇಕೆಂದಿದ್ದೆ, ಇವರು ನನ್ನ ಕೈ ಹಿಡಿದು ಕೂರಿಸಿದರು.

ದೀಪ ಆರಿಸಿ ಸಿನಿಮಾ ಹಚ್ಚಿದರು. ಜನ ಮಠದಲ್ಲಿ ಪ್ರವಚನ ಕೇಳುವವರಂತೆ ಕೈಕಟ್ಟಿ ಕುಳಿತರು. ಸತ್ತ ಅತ್ತೆಯೊಬ್ಬಳು ಅಡುಗೆಮನೆಗೆ ಬಂದು ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡುವ ಭಾಗ ಬಂತು. ಇವರು ಫಕ್ಕನೆ ನಕ್ಕುಬಿಟ್ಟರು. ಅಷ್ಟು ಜನರಲ್ಲಿ ಅದೊಂದೇ ನಗು.

"ಯಾರ್ರೀ ಅದು?" ಮುಂದಿನ ಸಾಲಿನಿಂದ ಸರ್ ತಿರುಗಿದರು. "ಗಂಭೀರ ಸಿನಿಮಾ ಐತ್ರಿ ಇದು. ತಿಳೀದಿದ್ರ ಸುಮ್ನರ ಕುಂಡ್ರರಿ."

ಅಂದು ನಗಿಸಿದ್ದಕ್ಕೆ ಬಾಯಿ ಮುಚ್ಚಿಸಿದರು, ಇಂದು ನಕ್ಕಿದ್ದಕ್ಕೆ. ಇವರು ಸದ್ದಿಲ್ಲದೆ ಎದ್ದು ಹೊರಗೆ ಹೋದರು. ಇನ್ನು ಇವರು ಸಾಯುವವರೆಗೆ ಮಾತಾಡಲಾರರು ಎಂದುಕೊಂಡು ನಾನೂ ಹಿಂದೆ ಹೋದೆ. ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಹೊರಗೆ ದುರ್ಗಪ್ಪನ ಚಾದಂಗಡಿ. ಅವನು ಕಪ್ಪು ತೊಳೆಯುತ್ತ ಕೇಳಿದ: "ಅಲ್ರಿ ಸಾವಕಾರ್ರ, ಒಳಗ ಯಾರರ ಸತ್ತಗಿತ್ತಾರೇನು? ಸಿನಿಮಾ ಅಂದ್ರು, ಒಂದ ಸಪ್ಪಳಿಲ್ಲ."

ಇವರು ಬಾಯಿ ತೆರೆದರು. ಸುತ್ತ ನೋಡಿದರು.

"ಸತ್ತವರು ಪಡದೇ ಮ್ಯಾಲ ಆರಾಮದಾರೋ" ಎಂದರು. "ನೋಡಾಕ ಕುಂತವರದ ಸುದ್ದಿ ಕೇಳಬ್ಯಾಡ."

ದುರ್ಗಪ್ಪ ಕಪ್ಪು ಕೆಳಗಿಟ್ಟು ನಕ್ಕ. ಬೆಂಚಿನ ಮೇಲಿದ್ದ ಇಬ್ಬರು ಆಟೋದವರೂ ನಕ್ಕರು. "ಏನ ಕತಿರಿ ಅದು?" ಎಂದರು. ಇವರು ಹೇಳತೊಡಗಿದರು. ಮೊದಲು ಮೆಲ್ಲಗೆ, ಆಮೇಲೆ ಕೈ ಆಡಿಸಿ, ಆಮೇಲೆ ಎದ್ದು ನಿಂತು. ಕ್ಷೌರದಂಗಡಿಯವನಾದರು, ಹೆಣವಾದರು, ಕಚ್ಚಿಸಿಕೊಂಡ ಸೊಸೆಯಾದರು. "ಸತ್ತ ಅತ್ತಿ ಎದ್ದ ಬಂದಾಳ ಅಂದ್ರ ಸೊಸಿ ಏನಂತಾಳ ಗೊತ್ತೇನು? ಸಂತೀ ದಿನಾನ ಬರಬೇಕಿತ್ತೇನ್ರಿ ಅಂತಾಳ!" ಇದು ಟಾಕೀಜಿನಲ್ಲಿ ಹೇಳಿದ್ದಲ್ಲ, ಆಗಿಂದಾಗ ಹುಟ್ಟಿದ್ದು. ದಾರಿಯಲ್ಲಿ ಹೋಗುವವರು ನಿಂತರು. ಸಭಾಭವನದಿಂದ ಒಬ್ಬೊಬ್ಬರೇ ಚಾ ಕುಡಿಯುವ ನೆವದಲ್ಲಿ ಬಂದರು, ಬಂದವರು ಒಳಗೆ ಹೋಗಲಿಲ್ಲ. ನನ್ನ ಕಣ್ಣು ತುಂಬಿ ಏನೂ ಕಾಣದಾಯಿತು.

ಕಣ್ಣೊರೆಸಿಕೊಂಡು ನೋಡಿದರೆ ಗುಂಪಿನ ಅಂಚಿನಲ್ಲಿ ಬಸಲಿಂಗಪ್ಪ ಸರ್. ಒಳಗೆ ಖಾಲಿ ಕುರ್ಚಿಗಳ ಮುಂದೆ ಒಬ್ಬರೇ ಎಷ್ಟು ಹೊತ್ತು ಕೂತಾರು? ಗದರಿಸಲೆಂದೇ ಬಂದಿದ್ದರು, ಮುಖ ಹಾಗಿತ್ತು. ಅಷ್ಟರಲ್ಲಿ ಇವರು, ಅರ್ಧ ಗಡ್ಡ ತೆಗೆಸಿಕೊಂಡ ಹೆಣವೊಂದು ದುಡ್ಡು ಕೊಡದೆ ಉದ್ದರಿ ಹೇಳಿ ಓಡಿಹೋಗುವುದನ್ನು ಓಡಿಯೇ ತೋರಿಸಿದರು. ಸರ್ ನಕ್ಕುಬಿಟ್ಟರು. ತಡೆಯಲು ನೋಡಿದರು, ಆಗಲಿಲ್ಲ. ಭುಜ ಕುಣಿದು ಶಾಲು ನೆಲಕ್ಕೆ ಬಿತ್ತು.

ಇವರು ಅವರನ್ನು ನೋಡಿ ಮಾತು ನಿಲ್ಲಿಸಿದರು. ಎಲ್ಲರೂ ತಿರುಗಿ ನೋಡಿದರು. ಈಗ ಒಂದು ಮಾತು, ಒಂದೇ ಒಂದು ಮಾತು ಬಾರಿಸಲಿ ಎಂದು ನಾನು ಹಲ್ಲು ಕಚ್ಚಿ ಕಾದೆ.

ಇವರು ಆಟೋದವನಿಗೆ ಸರಿಯಲು ಹೇಳಿ ಬೆಂಚಿನ ಮೇಲೆ ಜಾಗ ಮಾಡಿದರು. "ಬರ್ರಿ ಸರ್, ಕುಂಡ್ರರಿ. ಚಲೋ ಭಾಗ ಇನ್ನ ಮುಂದ ಐತಿ."

ಸರ್ ಕುಳಿತರು. ನಾನಾಗಿದ್ದರೆ ಜಾಗ ಕೊಡುತ್ತಿರಲಿಲ್ಲ. ಇವತ್ತಿಗೂ ಕೊಡುವುದಿಲ್ಲ.