ಸ್ವೆಟರಿನ ಗುಂಡಿಗಳು

"ಕೈ ಇನ್ನೂ ನಡುಗಲಿ! ನಡುಗಲಿ ಅಂದ್ರೆ ನಡುಗಲಿ!" ರಂಗದ ಕೆಳಗಿನಿಂದ ಮಫ್ಲರ್ ಕೂಗಿದ. "ಗುಂಡಿ ತಪ್ಪಾಯ್ತಾ, ಆ ಕಡೆ ಈ ಕಡೆ ಕದ್ದು ನೋಡು. ಅಲ್ಲೇ ಜನ ನಗೋದು."

ಹೊಸ ಹುಡುಗಿ ಕದ್ದು ನೋಡಿದಳು. ದೀಪ ಕಟ್ಟುತ್ತಿದ್ದವರು ಏಣಿಯ ಮೇಲೆ ನಿಂತಲ್ಲೇ ಗೊಳ್ಳೆಂದು ನಕ್ಕರು. ಪಕ್ಕದ ತೆರೆಯ ಮರೆಯಲ್ಲಿದ್ದ ದೊಡ್ಡಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

ಬ್ಯಾಲೆ ತಂಡದಲ್ಲಿ ಅವಳಿಗೆ ದೊಡ್ಡಕ್ಕ ಅಂತಲೇ ಹೆಸರು. ಮೂವತ್ತೈದೆಂದರೆ ಆ ಲೋಕದಲ್ಲಿ ಮುದುಕಿಯೇ ಸರಿ. ಅಂದು ಸಂಜೆಯದು ಮಿಶ್ರ ಕಾರ್ಯಕ್ರಮ: ಮೊದಲು ಬರಿಗಾಲಿನ ಹೊಸ ನೃತ್ಯಗಳು, ಅದರ ಬೆನ್ನಿಗೇ ಬಿಳಿ ಉಡುಪು ತೊಟ್ಟು ಕಾಲ್ಬೆರಳ ತುದಿಯ ಮೇಲೆ ನಿಲ್ಲುವ ಹಳೆಯ ಶಾಸ್ತ್ರೀಯ ಬ್ಯಾಲೆ. ಹೊಸದನ್ನು ಕಟ್ಟಿದವನು ಹೊರಗಿನಿಂದ ಬಂದ ನೃತ್ಯ ಸಂಯೋಜಕ. ಸೆಕೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡೇ ಇರುತ್ತಿದ್ದುದರಿಂದ ಹುಡುಗಿಯರ ಬಾಯಲ್ಲಿ ಮಫ್ಲರ್ ಆಗಿಬಿಟ್ಟಿದ್ದ.

ಕಟ್ಟಿದವನು ಅನ್ನುವುದೇ ಸುಳ್ಳು ಬಿಡಿ. ಬಂದ ಹೊಸದರಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ, "ನಿಮ್ಮ ಮನೇಲಿ ಕಂಡಿದ್ದು ಏನಾದ್ರೂ ತನ್ನಿ, ಕರುಳು ಚುರುಕ್ ಅನ್ನೋ ಹಂಗಿರಬೇಕು" ಎಂದಿದ್ದ. ದೊಡ್ಡಕ್ಕ ಅಮ್ಮನನ್ನೇ ತಂದಳು. ಕೈನಡುಕದ ಅಮ್ಮ ಬೆಳಿಗ್ಗೆ ಸ್ವೆಟರಿಗೆ ಗುಂಡಿ ಹಾಕಿಕೊಳ್ಳುವುದು, ಒಂದು ತಪ್ಪಿದರೆ ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ಕಣ್ಣು ಹಾಯಿಸುವುದು, ಎಲ್ಲ ಬಿಚ್ಚಿ ಮೊದಲಿನಿಂದ ಶುರು ಮಾಡುವುದು. ಅವಳು ಮಾಡಿ ತೋರಿಸಿದ ದಿನ ಹುಡುಗಿಯರು ಕಣ್ಣೊರೆಸಿಕೊಂಡಿದ್ದರು.

ಆಮೇಲೆ ಮಾಡಿದ್ದೇನು ಆ ಪುಣ್ಯಾತ್ಮ? ಅದನ್ನು ಎತ್ತಿ ಹೊಸ ಹುಡುಗಿಗೆ ಕೊಟ್ಟ. "ನೀನೇ ಕಲಿಸು" ಅಂತಲೂ ಅಂದ. ದೊಡ್ಡಕ್ಕ ಹಲ್ಲು ಕಚ್ಚಿಕೊಂಡು ಕಲಿಸಿದಳು. ಅವಳಿಗೆ ಸಿಕ್ಕಿದ್ದು ಬಿಳಿ ಉಡುಪಿನ ಸಾಲಿನಲ್ಲಿ ಕಟ್ಟಕಡೆಯ ಜಾಗ, ಅದನ್ನೂ ನುಂಗಿಕೊಂಡಳು. ಈಗ ನೋಡಿದರೆ ಅಮ್ಮನ ಕೈಯನ್ನೇ ನಗೆಪಾಟಲು ಮಾಡಿಟ್ಟಿದ್ದಾನೆ. ಸಂಜೆ ಅಮ್ಮ ಬೇರೆ ನೋಡಲು ಬರುವವಳಿದ್ದಳು.

ದೊಡ್ಡಕ್ಕ ದಡದಡನೆ ಮೆಟ್ಟಿಲಿಳಿದು ಅವನ ಮುಂದೆ ನಿಂತಳು.

"ಸರ್, ಅದು ನಗೋ ವಿಷಯ ಅಲ್ಲ. ಅದು ನಮ್ಮಮ್ಮ."

"ಅಮ್ಮ ನಿಮ್ಮೋರೇ, ಯಾರು ಬೇಡ ಅಂದ್ರು? ನೃತ್ಯ ನಂದು." ಅವನು ಅವಳತ್ತ ನೋಡಲೂ ಇಲ್ಲ. "ಕೊಡೋವಾಗ ನಿಮ್ಮ ಕುತ್ತಿಗೆ ಯಾರಾದ್ರೂ ಹಿಡಿದಿದ್ರಾ?"

ಮಾಡುತ್ತೇನೆ ತಾಳು ಎಂದುಕೊಂಡಳು ದೊಡ್ಡಕ್ಕ.

ಸಂಜೆ ದೊಡ್ಡಕ್ಕನ ತಮ್ಮ ಅಮ್ಮನನ್ನು ಕರೆತಂದಾಗ ಅವಳು ಸಭಾಂಗಣದೊಳಗೆ ಬಿಡಲೇ ಇಲ್ಲ. ತಮ್ಮನನ್ನಷ್ಟೇ ಒಳಗೆ ಕಳಿಸಿ, ಅಮ್ಮನನ್ನು ರಂಗದ ಪಕ್ಕದ ಕತ್ತಲಿಗೆ ಕರೆದೊಯ್ದು, ಮಫ್ಲರ್ ನಿಲ್ಲುವ ಜಾಗದ ಎದುರಿಗೇ ಕುರ್ಚಿ ಹಾಕಿ ಕೂರಿಸಿದಳು. ಈ ಕೈ ನೋಡಲಿ, ನೋಡಿದ ಮೇಲೂ ನಗಲಿ, ನೋಡೇಬಿಡುತ್ತೇನೆ! ಅವನು ಬಂದ, ನೋಡಿದ, ತಲೆಯಾಡಿಸಿ ರಂಗದ ಆಚೆ ಬದಿಗೆ ಹೋಗಿ ನಿಂತ. ದಪ್ಪ ಚರ್ಮದವನು.

ಹೊಸ ಹುಡುಗಿಯ ನೃತ್ಯ ಶುರುವಾದಾಗ ದೊಡ್ಡಕ್ಕ ಅಮ್ಮನ ಪಕ್ಕ ಮಂಡಿಯೂರಿ ತನ್ನ ಬ್ಯಾಲೆ ಬೂಟಿನ ರಿಬ್ಬನ್ ಕಟ್ಟಿಕೊಳ್ಳುತ್ತಿದ್ದಳು. ಮೊದಲ ನಗೆಗೆ ಅಮ್ಮನೂ ನಕ್ಕಳು. "ಪಾಪ, ಚಳೀನೇನೋ ಅದಕ್ಕೆ" ಎಂದಳು. ಆಮೇಲೆ ಹುಡುಗಿ ಗುಂಡಿ ತಪ್ಪಿಸಿ ಅತ್ತಿತ್ತ ಕದ್ದು ನೋಡಿದಳು. ಸಭಾಂಗಣಕ್ಕೆ ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು. ಅಮ್ಮ ನಗಲಿಲ್ಲ.

"ಇದು ನಾನಲ್ವೇನೇ?"

"ಅಮ್ಮ, ನಾನು ಹೀಗೆ ಮಾಡಿರಲಿಲ್ಲ! ನಾನು ಮಾಡಿದಾಗ ಎಲ್ಲರೂ ಅತ್ತಿದ್ರು. ಆ ಮಫ್ಲರ್ ಇದ್ದಾನಲ್ಲ, ಅವನೇ ಕೆಡಿಸಿದ್ದು. ನಂದನ್ನ ಕಿತ್ಕೊಂಡು..."

"ನಿಂದಾ?"

ದೊಡ್ಡಕ್ಕನ ಕೈಯಲ್ಲಿ ರಿಬ್ಬನ್ ಹಾಗೇ ಉಳಿಯಿತು.

"ಬಾಗಿಲು ಮುಂದಕ್ಕೆ ಮಾಡ್ಕೊಂಡೇ ಗುಂಡಿ ಹಾಕ್ಕೋತಿದ್ದೆ ಕಣೇ ನಾನು. ಯಾರೂ ನೋಡಲ್ಲ ಅಂದ್ಕೊಂಡಿದ್ದೆ." ಅಮ್ಮನ ದನಿ ಏರಲಿಲ್ಲ, ಸಿಟ್ಟು ಬಂದಾಗ ಅದು ಇಳಿಯುತ್ತಿತ್ತು. "ಸಂದೀಲಿ ನಿಂತು ನೋಡಿದ್ಯಾ?"

"ಅಮ್ಮ..."

"ನೋಡಿದ್ದೂ ಸಾಲದೂಂತ ಊರಿಗೆಲ್ಲ ಮಾಡಿ ತೋರಿಸಿದೆ. ಅತ್ತರಂತೆ! ನನ್ನ ನೋಡಿ ಅಳಿ ಅಂತ ನಾನು ಯಾರನ್ನಾದ್ರೂ ಬೇಡ್ಕೊಂಡಿದ್ನಾ? ಈಗ ಇಲ್ಲಿ ತಂದು ಕೂರಿಸಿದ್ದೀಯ. ಇದು ಯಾರಿಗೆ ತೋರ್ಸೋಕೆ?"

ಬೆಳಗಿನಿಂದ ಕುದಿಯುತ್ತಿದ್ದ ಸಿಟ್ಟನ್ನು ಈಗ ಯಾರ ಮೇಲೆ ಹಾಕುವುದೋ ದೊಡ್ಡಕ್ಕನಿಗೆ ತಿಳಿಯಲಿಲ್ಲ. ಹೊರಗೆ ಚಪ್ಪಾಳೆಯೋ ಚಪ್ಪಾಳೆ. ಹೊಸ ಹುಡುಗಿ ಏದುಸಿರು ಬಿಡುತ್ತ ಒಳಗೋಡಿ ಬಂದು, "ಅಕ್ಕ, ಚೆನ್ನಾಗಿ ಬಂತಾ?" ಎಂದಳು. ಯಾರೋ ದೊಡ್ಡಕ್ಕನ ರಟ್ಟೆ ಹಿಡಿದು ಎಬ್ಬಿಸಿ, "ನಡೀರಿ, ನಡೀರಿ, ಸಾಲು ಹೊರಡ್ತು" ಎಂದರು.

ಬಿಳಿ ಸಾಲು ರಂಗದ ಅಂಚಿನಲ್ಲಿ ನಿಂತಿತು. ನಾಯಕಿ ನಡುವೆ ನರ್ತಿಸುವಷ್ಟು ಹೊತ್ತೂ ಸಾಲಿನವರು ಕದಲುವಂತಿಲ್ಲ, ಮುಗುಳ್ನಗೆ ಮಾಸುವಂತಿಲ್ಲ. ಕಡೆಯವಳಾದ ದೊಡ್ಡಕ್ಕ ಅಮ್ಮನಿಗೆ ನಾಲ್ಕೇ ಮಾರು ದೂರದಲ್ಲಿದ್ದಳು. ನಿಲ್ಲಬೇಕಾದ ಭಂಗಿಯೂ ಅತ್ತಲೇ ಮುಖ ಮಾಡಿತ್ತು.

ಅಮ್ಮ ಎದ್ದಳು. ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದಳು. ಕೈ ನಡುಗಿ ಕುರ್ಚಿಯ ಕಾಲುಗಳು ನೆಲಕ್ಕೆ ಟಕಟಕ ಬಡಿದ ಸದ್ದು ಪಿಟೀಲಿನ ನಡುವೆಯೂ ಕೇಳಿಸಿತು. ನೆರವಿಗೆ ಓಡಿಬಂದ ಹೊಸ ಹುಡುಗಿಯನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಕುರ್ಚಿಯನ್ನು ಒಂದೊಂದೇ ಕಾಲು ತಿರುಗಿಸುತ್ತ ಪೂರ್ತಿ ಗೋಡೆಯ ಕಡೆಗೆ ಮಾಡಿ, ಕೂತಳು. ದೊಡ್ಡಕ್ಕ ಮುಗುಳ್ನಗುತ್ತ ಆ ಬೆನ್ನನ್ನೇ ನೋಡುತ್ತ ನಿಂತಳು.