ನೆವಿಲ್‌ನ ಗೆರೆ

ಅಡುಗೆಮನೆಯ ಮೇಜಿನ ಮೇಲೆ ಎರಡು ಯಂತ್ರಗಳಿದ್ದವು. ಒಂದು, ಅಡಿಲೇಡಿನಿಂದ ಮಗಳು ಕಳಿಸಿದ್ದ ಹೊಸ ಟ್ಯಾಬ್ಲೆಟ್. ಊಟದ ತಟ್ಟೆಯಷ್ಟು ಅಗಲ, ಮರಳುಗಾಡಿನ ಒಂದೊಂದು ದಿಬ್ಬವನ್ನೂ ಬಣ್ಣಬಣ್ಣವಾಗಿ ತೋರಿಸುವಂಥದ್ದು. ಇನ್ನೊಂದು, ಅಂಗೈಯಲ್ಲಿ ಹಿಡಿಯುವ ಹಳೆಯ ಜಿಪಿಎಸ್. ಮೈತುಂಬ ಗೀರು, ಒಂದು ಮೂಲೆಯ ರಬ್ಬರ್ ಕಿತ್ತುಹೋಗಿತ್ತು. ರಸ್ತೆ ಬಿಟ್ಟು ಗಾಡಿ ಓಡಿಸುವ ಗಂಡಸರು ಬಿಯರ್ ಹಿಡಿದು ಕೂತರೆ, ಇವೆರಡರಲ್ಲಿ ಯಾವುದು ಮೇಲು ಎಂದು ಕೊನೆಮೊದಲಿಲ್ಲದೆ ಕಿತ್ತಾಡುತ್ತಾರೆ. ಐಲ್ಸಾ ಮತ್ತು ಕ್ಲೆಮ್‌ರ ಮನೆಯಲ್ಲಿ ಆ ಜಗಳಕ್ಕೆ ಕಾರಣವೇ ಬೇರೆ. ಆ ಜಿಪಿಎಸ್ ನೆವಿಲ್‌ನದು.

ನೆವಿಲ್ ಕ್ಲೆಮ್‌ನ ತಮ್ಮ. ಎರಡು ಬೇಸಿಗೆಯ ಹಿಂದೆ ಒಬ್ಬನೇ ಉಪ್ಪುಕೆರೆಯ ಕಡೆಗೆ ಹೋದ. ಒಣಗಿದ ಕೆರೆಯ ಮೇಲಿನ ಬಿಳಿ ಉಪ್ಪಿನ ಪದರ ಗಟ್ಟಿಯಾಗಿದೆ ಎಂದುಕೊಂಡು ಕೆರೆಯೊಳಗೆ ಗಾಡಿ ಇಳಿಸಿದ. ಗಾಡಿ ಬಾಗಿಲವರೆಗೆ ಕೆಸರಿನಲ್ಲಿ ಹೂತುಕೊಂಡಿತು. ಕೆಟ್ಟ ಗಾಡಿಯನ್ನು ಬಿಟ್ಟು ಕದಲಬಾರದು ಎನ್ನುವುದು ಆ ಸೀಮೆಯ ಮಕ್ಕಳಿಗೂ ಗೊತ್ತು. ನೆವಿಲ್ ಅದನ್ನು ಹತ್ತಾರು ಜನಕ್ಕೆ ಹೇಳಿಕೊಟ್ಟವನು, ಆದರೂ ಎದ್ದು ನಡೆದ. ಹೆಣ ಸಿಕ್ಕಾಗ ಜಿಪಿಎಸ್ ಅಂಗಿಯ ಜೇಬಿನಲ್ಲಿತ್ತು. ಅವನು ಹೋದ ದಾರಿಯನ್ನೆಲ್ಲ, ಗಾಡಿಯಲ್ಲಿ ಹೋದದ್ದನ್ನೂ ಕಾಲಲ್ಲಿ ನಡೆದದ್ದನ್ನೂ, ಅದು ಒಂದೇ ಗೆರೆಯಾಗಿ ಬರೆದಿಟ್ಟುಕೊಂಡಿತ್ತು. ಪೊಲೀಸರು ಅದನ್ನು ಕಂದು ಲಕೋಟೆಯಲ್ಲಿ ಹಾಕಿ ಕ್ಲೆಮ್‌ನ ಕೈಗೆ ಕೊಟ್ಟರು.

ಅಲ್ಲಿಂದ ಮುಂದೆ ಪ್ರತಿ ಸಂಜೆಯೂ ಕ್ಲೆಮ್ ಊಟವಾದ ಮೇಲೆ ಅದನ್ನು ಹಚ್ಚಿಕೊಂಡು ಕೂರುತ್ತಿದ್ದ. ಗುಂಡಿ ಒತ್ತಿ ಒತ್ತಿ ಗೆರೆಯ ಉದ್ದಕ್ಕೂ ಹೋಗುತ್ತಿದ್ದ, ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ. ಕೇಬಲ್ ಚುಚ್ಚುವ ತೂತಿಗೆ ಉಪ್ಪುಮಣ್ಣು ಹೊಕ್ಕು ಕಚ್ಚಿಕೊಂಡಿದ್ದರಿಂದ ಗೆರೆಯನ್ನು ಬೇರೆ ಕಡೆಗೆ ಇಳಿಸಿಕೊಳ್ಳುವ ಹಾಗಿರಲಿಲ್ಲ. ಪರದೆಯ ಫೋಟೋ ಆದರೂ ತೆಗೆದಿಡು ಎಂದು ಐಲ್ಸಾ ಒಮ್ಮೆ ಹೇಳಿ, ಅವನು ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡಿದ್ದಳು.

"ಕೆರೆಗೆ ಟ್ಯಾಬ್ಲೆಟ್ ತಗೊಂಡು ಹೋಗೋಣ," ಎಂದಳು ಐಲ್ಸಾ. "ಇದರಲ್ಲಿ ಹೊಸ ನಕ್ಷೆ ಇದೆ. ನಾವು ಹೋದ ದಾರೀನ ತಾನೇ ಬರ್ಕೊಳ್ಳುತ್ತೆ."

"ಬಿಸಿಲಿಗೆ ಒಂದು ಗಂಟೆ ತಡೆಯಲ್ಲ ಅದು. ಷೋಕಿ ಸಾಮಾನು."

"ನಿನ್ನ ಆ ಡಬ್ಬಿ?"

"ನೆವಿಲ್ ಸತ್ತ ಮೇಲೂ ನಡೀತಾ ಇತ್ತು ಕಣೆ ಇದು. ಇನ್ನೇನು ಬೇಕು ನಿನಗೆ?"

ಐಲ್ಸಾಗೆ ಬೇಕಾದದ್ದು ಯಂತ್ರವಲ್ಲ, ಗಂಡ. ತಮ್ಮನ ನೆನಪಿಗೆ ಕೆರೆಯ ದಂಡೆಯಲ್ಲಿ ನೆಡಲೆಂದು ಕ್ಲೆಮ್ ಕಬ್ಬಿಣದ ಶಿಲುಬೆಯೊಂದನ್ನು ತಾನೇ ವೆಲ್ಡ್ ಮಾಡಿದ್ದ. ಅದರ ಬಗ್ಗೆ ಅವಳದೇನೂ ತಕರಾರಿರಲಿಲ್ಲ. ಆದರೆ ಹಿಂದಿನ ದಿನ ಅವನು ಗಾಡಿಗೆ ಸಾಮಾನು ತುಂಬುವಾಗ ನೀರಿನ ಕ್ಯಾನುಗಳನ್ನು ಅವಳು ಎಣಿಸಿ ನೋಡಿದ್ದಳು.

"ಇಷ್ಟೇನಾ ನೀರು?"

"ಹೋಗೋಕೆ ಸಾಕು."

"ಬರೋಕೆ?"

ಕ್ಲೆಮ್ ಹಗ್ಗ ಬಿಗಿಯತೊಡಗಿದ. ಒಬ್ಬನೇ ಹೋಗಿಬರುತ್ತೇನೆ ಎಂದಿದ್ದವನ ಜೊತೆ ಐಲ್ಸಾ ಹಟ ಹಿಡಿದು ಹೊರಟದ್ದು ಆಗಲೇ. ಇನ್ನಷ್ಟು ಕ್ಯಾನು ತಾನೇ ತುಂಬಿ ಇಟ್ಟಳು. ಯಂತ್ರಗಳ ಜಗಳ ಎರಡನ್ನೂ ಒಯ್ಯುವುದು ಎಂಬಲ್ಲಿಗೆ ಮುಗಿಯಿತು.

ಮರಳುಗಾಡಿಗೆ ಇಳಿಯುವ ಮೊದಲು ಎಲ್ಲರೂ ಮೇವಿಸ್‌ಳ ಪೆಟ್ರೋಲ್ ಬಂಕಿನಲ್ಲಿ ನಿಂತು, ಯಾವತ್ತು ವಾಪಸಾಗುತ್ತೇವೆ ಎಂದು ಹೇಳಿ ಹೋಗಬೇಕು. ಹೇಳಿದ ಹೊತ್ತು ಮೀರಿದರೆ ಅವಳು ಪೊಲೀಸರಿಗೆ ಫೋನ್ ಮಾಡುತ್ತಾಳೆ. ನೆವಿಲ್ ಆ ಸಲ ಅವಳಿಗೆ ಹೇಳದೆ ಹೋಗಿದ್ದ. ಆ ಸಿಟ್ಟು ಮೇವಿಸ್‌ಗೆ ಇನ್ನೂ ಇಳಿದಿರಲಿಲ್ಲ.

"ಯಾವಾಗ ಬರ್ತಿ ಕ್ಲೆಮ್?" ಎಂದು ಕೇಳಿದಳು, ಡೀಸೆಲ್ ಪೈಪನ್ನು ಟ್ಯಾಂಕಿನ ಬಾಯಿಗೆ ಸಿಕ್ಕಿಸುತ್ತ.

ಕ್ಲೆಮ್ ಗಾಜು ಒರೆಸುತ್ತಿದ್ದ.

"ಕಿವಿಗೇನು ಹತ್ತಿ ಇಟ್ಕೊಂಡಿದ್ದೀಯೇನೋ? ನಿನ್ನನ್ನೇ ಕೇಳಿದ್ದು."

"ನಾಳೆ ಸಂಜೆ," ಎಂದಳು ಐಲ್ಸಾ. "ಇಬ್ಬರೂ."

ಮೇವಿಸ್ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. "ಆ ಕಡೆ ಮಳೆ ಬಿದ್ದಿದೆಯಂತೆ, ಕೆರೆ ಹತ್ರ ಹುಷಾರು," ಎಂದಷ್ಟೇ ಹೇಳಿ, ಒಂದು ಚೀಲ ಕಿತ್ತಳೆ ಹಣ್ಣು ಕೈಗೆ ಕೊಟ್ಟಳು.

ದನಗಾವಲಿನ ಕೊನೆಯ ಬೇಲಿಯ ಗೇಟಿನ ಹತ್ತಿರ ಇಬ್ಬರೂ ಇಳಿದು, ಮರಳಿನಲ್ಲಿ ಹೂತುಕೊಳ್ಳದಿರಲೆಂದು ಗಾಲಿಗಳ ಗಾಳಿ ಇಳಿಸಿದರು. ಪಕ್ಕದಲ್ಲಿ ಕೂತವರು ಗೇಟು ತೆಗೆದು, ಗಾಡಿ ದಾಟಿದ ಮೇಲೆ ಮುಚ್ಚಬೇಕು. ಹೋಗುವಾಗ ಅದು ಐಲ್ಸಾಳ ಕೆಲಸವಾಯಿತು. ಸರಪಳಿ ಸಿಕ್ಕಿಸಿ ಬಂದು ಕೂತಾಗ ಕ್ಲೆಮ್ ಜಿಪಿಎಸ್ಸನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ನೆವಿಲ್‌ನ ಗೆರೆ ಆ ಗೇಟಿನಿಂದಲೇ ಶುರುವಾಗುತ್ತಿತ್ತು.

ಮೊದಲ ದಿಬ್ಬಗಳನ್ನು ದಾಟುವಾಗ ಐಲ್ಸಾ ಒಂದು ವಿಷಯ ಗಮನಿಸಿದಳು. ಜಿಪಿಎಸ್ಸಿನಲ್ಲಿ ಗಾಡಿಯ ಗುರುತು ಗೆರೆಯ ಮೇಲೆ ಸಾಗುತ್ತಿತ್ತು, ಆದರೆ ಅದರ ಹಿಂದೆ ಹೊಸ ಗೆರೆ ಮೂಡುತ್ತಿರಲಿಲ್ಲ.

"ನಮ್ಮ ದಾರಿ ಬರೀತಾ ಇಲ್ಲವಲ್ಲೋ ಇದು?"

"ಬರಿಯೋದನ್ನ ನಿಲ್ಲಿಸಿದ್ದೀನಿ. ಅದರ ಹೊಟ್ಟೆ ತುಂಬಿದೆ. ಹೊಸದು ಬರೆದರೆ ಹಳೇದನ್ನ ಅಳಿಸ್ಕೊಂಡು ಬರುತ್ತೆ. ನಾವು ಒಂದು ಮೈಲಿ ಹೋದರೆ ನೆವಿಲ್‌ದು ಒಂದು ಮೈಲಿ ಹೋಯ್ತು."

ಟ್ಯಾಬ್ಲೆಟ್ ಹೇಗಿದ್ದರೂ ಬರೆದುಕೊಳ್ಳುತ್ತಿದೆ ಎಂಬ ಧೈರ್ಯ ಅವಳಿಗೆ. ಎದುರಿನ ಗಾಜಿಗೆ ಅಂಟಿಸಿದ್ದ ಅದರ ಮೇಲೆ ನೀಲಿ ಗೆರೆಯೊಂದು ಚಂದವಾಗಿ ಬೆಳೆಯುತ್ತಿತ್ತು. ಆದರೆ ಬಿಸಿಲು ನೆತ್ತಿಗೆ ಬರುವ ಮೊದಲೇ ಪರದೆ ಮಂಕಾಯಿತು, ಕಾವು ಹೆಚ್ಚಾಗಿದೆ ಎಂಬ ಎಚ್ಚರಿಕೆ ಬಂತು, ಆಮೇಲೆ ಕಪ್ಪಾಯಿತು. ಮುಟ್ಟಿದರೆ ಕೈ ಸುಡುತ್ತಿತ್ತು.

"ನಾನು ಹೇಳಲಿಲ್ವಾ," ಎಂದು ಕ್ಲೆಮ್ ಗೆದ್ದವನ ಹಾಗೆ ನಕ್ಕು, ಗಾಡಿ ನಿಲ್ಲಿಸಿ, ಅದನ್ನು ಹಿಂದಿನ ಫ್ರಿಜ್ಜಿನಲ್ಲಿ ಬಿಯರ್ ಡಬ್ಬಿಗಳ ನಡುವೆ ತುರುಕಿದ. ಬೇಡವೆನ್ನಬೇಕೆಂದು ಐಲ್ಸಾಗೆ ಹೊಳೆಯಲಿಲ್ಲ. ಆ ಸೀಮೆಯಲ್ಲಿ ಬಿಸಿಯಾದದ್ದೆಲ್ಲ ಫ್ರಿಜ್ಜಿಗೇ ಹೋಗುತ್ತದೆ, ಬೆಣ್ಣೆಯಿಂದ ಹಿಡಿದು ಟೋಪಿಯವರೆಗೆ. ಊಟಕ್ಕೆ ನಿಂತಾಗ ತೆಗೆದರೆ ಗಾಜಿನ ಒಳಗಡೆ ನೀರಿನ ಹನಿ ಕಟ್ಟಿತ್ತು. ಅವಳು ಅಂಗಿಯ ತುದಿಯಿಂದ ಒರೆಸಿದಳು, ಗುಂಡಿ ಒತ್ತಿದಳು, ಮತ್ತೆ ಒತ್ತಿದಳು. ಅದರ ಕಥೆ ಮುಗಿದಿತ್ತು. ಇನ್ನು ದಾರಿ ಗೊತ್ತಿದ್ದದ್ದು ಸತ್ತವನಿಗೆ ಮಾತ್ರ ಎಂಬ ಯೋಚನೆ ಬಂದು, ತಿನ್ನುತ್ತಿದ್ದ ಬ್ರೆಡ್ಡನ್ನು ಕೆಳಗಿಟ್ಟಳು.

"ವಾಪಸ್ ಹೋಗೋಣ ಕ್ಲೆಮ್."

"ಇಷ್ಟು ದೂರ ಬಂದು?"

ಕೆರೆ ಕಂಡಾಗ ನೆವಿಲ್‌ನ ಗೆರೆ ದಂಡೆಯಿಂದ ನೇರ ಬಿಳುಪಿನ ಮೇಲೆ ಹೋಗಿತ್ತು. ನಡುವೆ ಅಲ್ಲಲ್ಲಿ ನೀರು ಹೊಳೆಯುತ್ತಿತ್ತು. ನೆವಿಲ್ ಗಾಡಿ ಬಿಟ್ಟು ನಡೆದು ಹೋಗಿ ಸತ್ತದ್ದು ಆಚೆ ದಂಡೆಯಲ್ಲಿ, ಶಿಲುಬೆ ನೆಡಬೇಕಾದದ್ದೂ ಅಲ್ಲೇ. ಕ್ಲೆಮ್ ಎಂಜಿನ್ ನಿಲ್ಲಿಸದೆ ಆ ಬಿಳುಪನ್ನೇ ನೋಡುತ್ತ ಕೂತ. ಅವನ ಕಾಲು ಪೆಡಲಿನ ಮೇಲೆ ಅಲುಗುತ್ತಿತ್ತು. ಐಲ್ಸಾ ಅವನ ತೋಳು ಹಿಡಿದುಕೊಂಡಳು. ತನ್ನ ಉಗುರು ಅವನ ಚರ್ಮಕ್ಕೆ ಒತ್ತಿದ್ದು ಅವಳಿಗೇ ಗೊತ್ತಾಗಲಿಲ್ಲ.

"ನಾನಿದ್ದೀನಿ ಗಾಡೀಲಿ," ಎಂದಳು.

ಅವನು ನಿದ್ದೆಯಿಂದ ಎದ್ದವನ ಹಾಗೆ ತಿರುಗಿ ನೋಡಿ, ಸ್ಟಿಯರಿಂಗ್ ಚಕ್ರವನ್ನು ಎಡಕ್ಕೆ ಹೊರಳಿಸಿದ. ಸುತ್ತು ಹಾಕಿ ಆಚೆ ದಂಡೆಗೆ ಹೋಗೋಣ ಎಂದ.

ಆ ಸುತ್ತು ಮುಗಿಯಲೇ ಇಲ್ಲ. ಕೆರೆಯ ಒಂದೊಂದು ಬೆರಳು ಎರಡು ದಿಬ್ಬಗಳ ನಡುವೆ ಚಾಚಿಕೊಂಡಿತ್ತು. ದಿಬ್ಬಗಳ ನಡುವಿನ ಒಂದು ಓಣಿಯಲ್ಲಿ ಹೋದರೆ ಮುಂದೆ ಬಿಳುಪು. ತಿರುಗಿ ಇನ್ನೊಂದು ಓಣಿ, ಅಲ್ಲೂ ಬಿಳುಪು. ನೆವಿಲ್‌ನ ಗೆರೆ ಪರದೆಯ ಅಂಚಿನಲ್ಲಿ, ಬಲಗಡೆ, ಕೈಗೆ ಸಿಕ್ಕುವಷ್ಟು ಹತ್ತಿರ ಕಾಣುತ್ತಿತ್ತು. ಅದರ ಕಡೆಗೆ ಹೊರಟರೆ ನಡುವೆ ಕೆರೆ ಅಡ್ಡ ಬರುತ್ತಿತ್ತು. ಗಾಳಿ ಎದ್ದು ಗಾಲಿಯ ಗುರುತುಗಳ ಮೇಲೆ ಮರಳು ಎಳೆಯತೊಡಗಿತು. ವಾಪಸ್ ಹೋಗೋಣ ಎಂದು ಕೊನೆಗೆ ಕ್ಲೆಮ್ಮೇ ಹೇಳಿದ; ಆದರೆ ಯಾವ ಓಣಿಯಿಂದ ಬಂದೆವು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಆ ರಾತ್ರಿ ಗಾಡಿಯ ಪಕ್ಕದಲ್ಲೇ ಮಲಗಿದರು. ಬೆಳಿಗ್ಗೆ ಎದ್ದು ಹೊರಟು, ತುಂಬ ಹೊತ್ತು ಅಲೆದ ಮೇಲೆ ಒಂದು ಓಣಿಯ ಬಾಯಲ್ಲಿ ಐಲ್ಸಾ ಕಿತ್ತಳೆ ಸಿಪ್ಪೆ ಕಂಡಳು. ಹಿಂದಿನ ಸಂಜೆ ತಾನೇ ಎಸೆದದ್ದು.

"ನಿಲ್ಲಿಸು," ಎಂದಳು.

ಡೀಸೆಲ್ ಮುಳ್ಳು ಕೆಂಪಿನ ಹತ್ತಿರ ಬಂದಿತ್ತು. ಹಿಂದೆ ಕಟ್ಟಿದ್ದ ಡಬ್ಬಿಗಳನ್ನು ಸುರಿದರೂ ಹೀಗೇ ತಿರುಗಿದರೆ ಸಾಲದು.

"ಬರಿಯೋದನ್ನ ಶುರು ಮಾಡು, ಕ್ಲೆಮ್. ಯಾವ ಓಣಿ ನೋಡಿ ಆಯ್ತು, ಯಾವುದು ಇಲ್ಲ ಅಂತ ಆದರೂ ತಿಳಿಯುತ್ತೆ."

"ಆಗಲ್ಲ."

"ಮೇವಿಸ್ ಫೋನ್ ಮಾಡೋದು ಸಂಜೆಗೆ. ಅವರು ಬರೋ ಹೊತ್ತಿಗೆ ಇನ್ನೊಂದು ದಿನ. ನಾವು ಎಲ್ಲಿದ್ದೀವಿ ಅಂತ ಯಾರಿಗೆ ಗೊತ್ತು?"

"ಆಗಲ್ಲ ಅಂದ್ನಲ್ಲ. ಅವನದು ಉಳಿದಿರೋದು ಅಷ್ಟೇ."

"ನಿನಗೆ ನಾನೂ ಉಳಿದಿದ್ದೀನಲ್ಲ. ನನ್ನನ್ನ ನೋಡು ಒಂದು ಸಲ. ಆ ಡಬ್ಬೀನಲ್ಲ, ನನ್ನನ್ನ."

ಅವನು ನೋಡಲಿಲ್ಲ. ಐಲ್ಸಾಗೆ ಮೂವತ್ತು ವರ್ಷದ ಸಂಸಾರದಲ್ಲಿ ಬಾರದಿದ್ದ ಸಿಟ್ಟು ಬಂತು. ಅವನ ತೊಡೆಯ ಮೇಲಿಂದ ಜಿಪಿಎಸ್ ಕಿತ್ತುಕೊಂಡು, ಗುಂಡಿಗಳನ್ನು ಒತ್ತಿ, ಹಳೆಯದನ್ನು ಅಳಿಸಲೇ ಎಂದು ಅದು ಕೇಳಿದ ಪ್ರಶ್ನೆಗೆ ಹೌದು ಎಂದಳು. ಕ್ಲೆಮ್ ತಡೆಯಲಿಲ್ಲ. ಇಳಿದು, ಗಾಡಿಯ ಮುಂದಿನಿಂದ ಸುತ್ತಿ ಬಂದು, ಅವಳ ಕಡೆಯ ಬಾಗಿಲು ತೆಗೆದು ನಿಂತ. ಅವಳು ಜರುಗಿ, ಜಿಪಿಎಸ್ಸನ್ನು ಇಬ್ಬರ ನಡುವೆ ಇಟ್ಟು ಚಕ್ರ ಹಿಡಿದಳು.

ಪರದೆಯ ಮೇಲೆ ಅವರ ಗೆರೆ ಮೂಡತೊಡಗಿತು. ನೆವಿಲ್‌ನ ಗೆರೆ ಗೇಟಿನ ಕಡೆಯಿಂದ ತಿನ್ನಿಸಿಕೊಳ್ಳುತ್ತ ಬಂತು. ಮೊದಲ ದಿಬ್ಬಗಳು ಹೋದವು, ಊಟಕ್ಕೆ ನಿಂತ ಜಾಗ ಹೋಯಿತು. ಕ್ಲೆಮ್ ಒಂದು ಬೆರಳಿನಿಂದ ಪರದೆಯನ್ನು ಮುಟ್ಟಿಕೊಂಡೇ ಕೂತಿದ್ದ. ಒಂದು ಓಣಿ ಕುರುಡಾಯಿತು, ಅದರ ಪಕ್ಕದ್ದೂ ಕುರುಡಾಯಿತು. ಆದರೆ ಈಗ ಅವು ಗೆರೆಯಾಗಿ ಉಳಿದಿದ್ದವು. ಐಲ್ಸಾ ಅವನ್ನು ಬಿಟ್ಟು ಮುಂದಿನದನ್ನು ಹಿಡಿಯುತ್ತ ಹೋದಳು. ಮಧ್ಯಾಹ್ನ ಕಳೆದ ಮೇಲೆ ಒಂದು ಓಣಿ ಮುಚ್ಚಿಕೊಳ್ಳದೆ ತೆರೆದುಕೊಂಡಿತು. ಹೊತ್ತು ಇಳಿಯುವಾಗ ದೂರದಲ್ಲಿ, ಗೇಟಿನ ಹತ್ತಿರ ದನಗಳಿಗೆ ನೀರೆತ್ತುವ ಗಾಳಿಗಿರಣಿಯ ರೆಕ್ಕೆ ಕಂಡಿತು.

ಐಲ್ಸಾ ಗಾಡಿ ನಿಲ್ಲಿಸದೆ ಪರದೆಯತ್ತ ನೋಡಿದಳು. ನೆವಿಲ್‌ನದು ಇನ್ನು ನಡೆದ ದಾರಿಯಷ್ಟೇ ಉಳಿದಿತ್ತು. ಗಾಡಿಯಿಂದ ಹೊರಟ ತೆಳ್ಳನೆಯ ಗೆರೆ, ಅಲ್ಲಲ್ಲಿ ನಿಂತ ಚುಕ್ಕೆ, ಕೊನೆಯಲ್ಲಿ ಸುತ್ತಿ ಸುತ್ತಿ ಗಂಟಾದ ದಾರ.

"ಇನ್ನು ನಿಲ್ಲಿಸಬಹುದು," ಎಂದ ಕ್ಲೆಮ್. ಅವತ್ತು ಅವನು ಕೋರಿದ್ದು ಅದೊಂದೇ. "ಗಿರಣಿ ಕಾಣ್ತಾ ಇದೆ. ಬರಿಯೋದು ನಿಲ್ಲಿಸು ಐಲ್ಸಾ."

ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಅವಳ ಎರಡೂ ಕೈ ಚಕ್ರದ ಮೇಲಿದ್ದವು. ನೀರಿನ ಕ್ಯಾನುಗಳು ನೆನಪಾದವು, ದಂಡೆಯಲ್ಲಿ ಪೆಡಲಿನ ಮೇಲೆ ಅಲುಗಿದ ಕಾಲು ನೆನಪಾಯಿತು. ಆ ಗಂಟು ಅಲ್ಲಿರುವವರೆಗೆ ಈ ಮನುಷ್ಯ ಅದರ ಕಡೆಗೇ ನಡೆಯುತ್ತಾನೆ ಎಂದುಕೊಂಡಳು. ಜಿಪಿಎಸ್ಸನ್ನು ಎತ್ತಿ ತನ್ನ ಬಾಗಿಲ ಬದಿಯ ಜೇಬಿಗೆ ಇಳಿಸಿದಳು. ಅವನಿಗೆ ಅಲ್ಲಿಗೆ ಕೈ ಎಟುಕುವುದಿಲ್ಲ. ವೇಗ ತಗ್ಗಿಸದೆ ಗಿರಣಿಯ ಕಡೆಗೆ ಓಡಿಸಿದಳು. ಗೇಟಿನ ಮುಂದೆ ನಿಂತು ಜಿಪಿಎಸ್ ತೆಗೆದು ನೋಡಿದಾಗ ಪರದೆಯಲ್ಲಿ ಅವರ ಗೆರೆ ಮಾತ್ರ ಇತ್ತು. ಅದನ್ನು ಅವನ ಕೈಗೆ ಕೊಟ್ಟಳು.

ಕ್ಲೆಮ್ ಅದನ್ನು ನೋಡಿ ಸೀಟಿನ ಮೇಲಿಟ್ಟ. ಇಳಿದು ಹೋಗಿ ಗೇಟು ತೆಗೆದ. ಅವಳು ಗಾಡಿ ದಾಟಿಸಿ, ನಿಲ್ಲಿಸಿ, ಕನ್ನಡಿಯಲ್ಲಿ ನೋಡಿದಳು. ಅವನು ಗೇಟು ಎಳೆದು ಸರಪಳಿ ಸಿಕ್ಕಿಸಿದ. ನಿಂತಿದ್ದದ್ದು ಆಚೆ ಬದಿಯಲ್ಲಿ, ಮರಳಿನ ಕಡೆ, ಅವಳಿಗೆ ಬೆನ್ನು ಹಾಕಿ. ಐಲ್ಸಾ ಹಾರ್ನ್ ಮಾಡಲಿಲ್ಲ, ಕೂಗಲಿಲ್ಲ, ಕನ್ನಡಿಯನ್ನೇ ನೋಡುತ್ತ ಕೂತಳು. ಬಹಳ ಹೊತ್ತಾದ ಮೇಲೆ ಅವನು ಗೇಟು ಹತ್ತಿ ಈಚೆ ಇಳಿದು ಬಂದ. ಪಕ್ಕದಲ್ಲಿ ಕೂತು ಬೆಲ್ಟ್ ಹಾಕಿಕೊಂಡ.

ಅವಳಿಗೆ ಅಳು ಒತ್ತರಿಸಿ ಬಂತು. "ಕ್ಷಮಿಸೋ," ಎಂದಳು. "ನನಗೆ ಬೇರೆ ದಾರಿ ಇರಲಿಲ್ಲ."

"ಇರಲಿ ಬಿಡು," ಎಂದ ಕ್ಲೆಮ್. ಅವನ ದನಿ ಎರಡು ವರ್ಷಗಳಲ್ಲಿ ಇಷ್ಟು ಮೆತ್ತಗಾಗಿದ್ದದ್ದೇ ಇಲ್ಲ. ಅವಳ ಕೈ ತಟ್ಟಿದ. "ಎರಡು ವರ್ಷ ದಿನಾ ನೋಡಿದ್ದೀನಿ. ಎಲ್ಲಿ ತಿರುಗಿದ, ಎಲ್ಲಿ ಕೂತ, ಎಲ್ಲಾ ಬಾಯಿಪಾಠ ನನಗೆ. ಯಾವ ಡಬ್ಬೀನೂ ಬೇಕಾಗಿಲ್ಲ."

ಗಾಡಿ ಕಲ್ಲು ಹಾದಿಗೆ ಏರಿದಾಗ ಹಿಂದೆ ನೆಡದೆ ಉಳಿದಿದ್ದ ಶಿಲುಬೆ ಗಡಗಡ ಸದ್ದು ಮಾಡಿತು. ದೂರದಲ್ಲಿ ಮೇವಿಸ್ ಬಂಕಿನ ದೀಪ ಹಾಕಿದ್ದಳು.

"ಮುಂದಿನ ಸಲ ನೀನು ಬರೋದು ಬೇಡ ಕಣೆ," ಎಂದ ಕ್ಲೆಮ್. "ನಿನಗೆ ಸುಮ್ಮನೆ ಆಯಾಸ."