ಅಕ್ಕ ಹಿಡಿದ ತುದಿ

ನನ್ನ ಅಕ್ಕನ ವಿಷಯ ಹೇಳುವಾಗ ನನಗೆ ಸ್ವಲ್ಪ ಜಂಬ ಬರುತ್ತದೆ. ಅದನ್ನು ಮುಚ್ಚಿಟ್ಟುಕೊಳ್ಳುವ ಉದ್ದೇಶವೂ ನನಗಿಲ್ಲ. ಈ ಊರಿನಲ್ಲಿ ಗಾಜು ಹೊರುವ ಹೆಂಗಸರೆಂದರೆ ನಾವಿಬ್ಬರೇ. ಅಪ್ಪ ಬಿಟ್ಟುಹೋದ ಅಂಗಡಿಯನ್ನು ಅಕ್ಕತಂಗಿಯರೇ ನಡೆಸುತ್ತೇವೆ. ಕಿಟಕಿಗೆ ಗಾಜು, ಫೋಟೊಗೆ ಫ್ರೇಮು, ಸಲೂನಿಗೆ ಕನ್ನಡಿ. ಕತ್ತರಿಸುವುದರಲ್ಲಿ ನಾನು ಅವಳಿಗಿಂತ ಒಂದು ಕೈ ಮೇಲು, ಇದನ್ನು ಅವಳೇ ಒಪ್ಪುತ್ತಾಳೆ. ಹೊರುವುದರಲ್ಲಿ ಮಾತ್ರ ಅವಳ ಮುಂದೆ ಯಾರೂ ಇಲ್ಲ.

ದೊಡ್ಡ ಗಾಜನ್ನು ಮಲಗಿಸಿ ಹೊರುವ ಹಾಗಿಲ್ಲ. ನಿಲ್ಲಿಸಿಯೇ ಹಿಡಿಯಬೇಕು, ಒಬ್ಬರು ಈ ತುದಿ, ಒಬ್ಬರು ಆ ತುದಿ, ಮುಖಕ್ಕೆ ಮುಖ. ಒಬ್ಬರು ಮುಂದಕ್ಕೆ ನಡೆದರೆ ಇನ್ನೊಬ್ಬರು ಹಿಂದಕ್ಕೆ ಹಿಂದಕ್ಕೆ ಹೋಗಬೇಕು. ಆ ಹಿಂದಕ್ಕೆ ನಡೆಯುವ ತುದಿ ಯಾವಾಗಲೂ ಅಕ್ಕನದು. ಅಪ್ಪನ ಕಾಲದಿಂದಲೂ ಅಂಗಡಿಯಲ್ಲಿ ಇದ್ದದ್ದು ಒಂದೇ ಕಾನೂನು, ತನ್ನ ಕಾಲಿನ ಮೇಲೆ ನಂಬಿಕೆ ಇಲ್ಲದವರು ಗಾಜು ಮುಟ್ಟಬಾರದು.

ಹೀಗಿರುವಾಗ ಅಕ್ಕನ ಕಿವಿಯೊಳಗೆ ಸೋಂಕಾಯಿತು. ಜ್ವರ ಬಿಟ್ಟಿತು, ತಲೆಸುತ್ತು ಬಿಡಲಿಲ್ಲ. ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾಗುತ್ತಿರಲಿಲ್ಲ. ಔಷಧಿಯ ಕೆಲಸ ಮುಗಿಯಿತು, ಇನ್ನು ಮೈಗೇ ಮತ್ತೆ ನಿಲ್ಲುವುದನ್ನು ಕಲಿಸಬೇಕು ಎಂದರು ಡಾಕ್ಟರು. ಕೆಲವರಿಗೆ ಪೂರ್ತಿ ಸರಿಹೋಗುತ್ತದಂತೆ, ಕೆಲವರಿಗೆ ಇಲ್ಲವಂತೆ. ಅಕ್ಕ ಅಂಗಡಿಗೆ ಬಂದವಳೇ ಗಾಜು ಹೊರುವ ತನ್ನ ಚರ್ಮದ ಕೈಗವಸುಗಳನ್ನು ಮೊಳೆಗೆ ನೇತುಹಾಕಿದಳು. ನಾನು ಬೇಡವೆನ್ನಲಿಲ್ಲ, ಕಾನೂನು ಕಾನೂನೇ. ಆದರೆ ಕೆಲಸದ ನಡುವೆ ಅವಳ ಕಣ್ಣು ಆ ಮೊಳೆಯ ಕಡೆಗೆ ಹೋಗುತ್ತಿತ್ತು.

ಅವಳ ತುದಿ ಹಿಡಿಯಲು ಫರ್ನಿಚರ್ ಅಂಗಡಿಯ ಪೈಲ್ವಾನನನ್ನು ಕರೆಯತೊಡಗಿದೆ. ಆಸಾಮಿಗೆ ತೋಳೇನೋ ಕಂಬದ ಹಾಗಿದೆ, ಗಾಜಿಗೆ ಬೇಕಾದ ಗಮನ ಸಾಸಿವೆಯಷ್ಟೂ ಇಲ್ಲ. ಅವನ ಜೊತೆ ಒಂದು ಕಿಟಕಿ ಗಾಜು ಸಾಗಿಸುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಅಕ್ಕ ಬೀದಿಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತು ಫ್ರೇಮಿನ ಕೆಲಸ ಮಾಡುತ್ತಿದ್ದಳು. ಮುಖ ತೋರಿಸಿದರೆ ಹೋಗುವವರು ಬರುವವರೆಲ್ಲ ಹೇಗಿದ್ದೀಯಾ ಎಂದು ಕೇಳುತ್ತಾರೆ, ಅಯ್ಯೋ ಪಾಪ ಎನ್ನುತ್ತಾರೆ. ಅಯ್ಯೋ ಪಾಪ ಎನ್ನಿಸಿಕೊಳ್ಳುವ ಜನ ನಾವಲ್ಲ. ಅವಳ ಎದುರಿಗೆ ಹಿಂದಿನ ಗೋಡೆಗೆ ಒಂದು ಭಾರಿ ಕನ್ನಡಿ ಒರಗಿತ್ತು. ನೃತ್ಯಶಾಲೆಯವರು ಮಾಡಿಸಿದ್ದು, ಅವರ ಹೊಸ ನೃತ್ಯದ ಹಾಲ್‌ನ ಕೆಲಸ ಮುಗಿಯದೆ ನಮ್ಮಲ್ಲೇ ಉಳಿದಿತ್ತು. ಹಾಗಾಗಿ ಬೀದಿಗೆ ಬೆನ್ನು ಹಾಕಿದರೂ ಇಡೀ ಬೀದಿ ಅವಳ ಕಣ್ಣ ಮುಂದೆಯೇ ಇತ್ತು.

ಎದುರುಗಡೆ ಗೋದಾಮಿನ ಅಂಗಳ. ಲಾರಿಗಳು ಬರುವ ಮೊದಲು, ಬೆಳಗ್ಗೆ, ಅಲ್ಲಿ ಕ್ಯಾಪ್ಟನ್ ತಾಯ್ ಚಿ ಎಂಬ ನಿಧಾನದ ಚೀನೀ ವ್ಯಾಯಾಮ ಹೇಳಿಕೊಡುತ್ತಿದ್ದರು. ಹೆಸರಿಗೆ ಕ್ಯಾಪ್ಟನ್, ಹಡಗಿನಲ್ಲಿ ಅವರು ತಿರುಗಿಸಿದ್ದು ಸೌಟನ್ನು ಮಾತ್ರ. ಚೀನಾದ ಯಾವುದೋ ಬಂದರಿನಲ್ಲಿ ಹಡಗು ರಿಪೇರಿಗೆ ನಿಂತಾಗ ಈ ವಿದ್ಯೆ ಹಿಡಿದುಕೊಂಡು ಬಂದ ಅಡುಗೆಯವರು. ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಅಭ್ಯಾಸವಾದ ಗಂಟಲು, ಅಂಗಳದಲ್ಲಿ ಆಡಿದ ಮಾತು ನಮ್ಮ ಅಂಗಡಿಯ ಗಾಜಿಗೆ ಬಡಿಯುತ್ತಿತ್ತು. ಒಂದು ಕಾಲು ತುಂಬಬೇಕು, ಒಂದು ಕಾಲು ಖಾಲಿಯಾಗಬೇಕು. ಖಾಲಿ ಕಾಲು ಮೊದಲು ನೆಲವನ್ನು ವಿಚಾರಿಸಬೇಕು, ಆಮೇಲೆ ಭಾರ ಬಿಡಬೇಕು. ಹೊಕ್ಕುಳ ಕೆಳಗೆ ಸಣ್ಣ ಉರಿ ಇದೆ ಎಂದುಕೊಳ್ಳಬೇಕು, ಅದೇ ಚಿ, ಅದೇ ನಮ್ಮ ಶಕ್ತಿ. ಅದು ಕುದಿಯಬಾರದು, ಆರಲೂಬಾರದು. ನನಗಂತೂ ಆ ಗುಂಪನ್ನು ನೋಡಿದರೆ ಗೋಂದಿನ ಡಬ್ಬಿಯೊಳಗೆ ಬಿದ್ದವರ ಹಾಗೆ ಕಾಣುತ್ತಿತ್ತು. ಅಕ್ಕನ ಮುಂದೆ ಅವರ ಅಣಕ ಮಾಡಿ ತೋರಿಸಿದರೆ ಅವಳು ನಗಲಿಲ್ಲ.

ಒಂದು ಬೆಳಗ್ಗೆ ನಾನು ಬೇಗ ಬಂದೆ. ಅಕ್ಕ ಸ್ಟೂಲು ಬಿಟ್ಟು ಎದ್ದು, ಒಂದು ಕೈಯಲ್ಲಿ ಮೇಜು ಹಿಡಿದು, ಕನ್ನಡಿಯಲ್ಲಿ ಕಾಣುವ ಕ್ಯಾಪ್ಟನ್ನರ ಬೆನ್ನು ನೋಡಿಕೊಂಡು ಇನ್ನೊಂದು ಕೈಯನ್ನು ಮೋಡದ ಹಾಗೆ ತೇಲಿಸುತ್ತಿದ್ದಳು. ನಾನು ಬಂದ ಸದ್ದಿಗೂ ತಿರುಗಲಿಲ್ಲ. ಅಂದಿನಿಂದ ನಾನು ಅಣಕ ನಿಲ್ಲಿಸಿ, ಬೇಗ ಬಂದು ಬಾಗಿಲಿನ ಮುಂದೆ ಇಟ್ಟ ಪೆಟ್ಟಿಗೆಗಳನ್ನೆಲ್ಲ ಸರಿಸಿಡತೊಡಗಿದೆ, ಕನ್ನಡಿಗೆ ಏನೂ ಅಡ್ಡ ಬರಬಾರದೆಂದು. ಮೊದಮೊದಲು ಅಂಗೈ ಪೂರ್ತಿ ಮೇಜಿನ ಮೇಲಿರುತ್ತಿತ್ತು. ಆಮೇಲೆ ಬೆರಳಿನ ತುದಿ. ಮಳೆಗಾಲ ಮುಗಿಯುವ ಹೊತ್ತಿಗೆ ಮೇಜು ಅವಳ ಪಾಡಿಗೆ ಅವಳನ್ನು ಬಿಟ್ಟಿತ್ತು. ರಾತ್ರಿ ನಿದ್ದೆ ಬರತೊಡಗಿತು, ಊಟ ಸೇರತೊಡಗಿತು, ಮುಖಕ್ಕೆ ಬಣ್ಣ ಬಂತು. ಡಾಕ್ಟರು ಕಣ್ಣು ಮುಚ್ಚಿಸಿ ನಿಲ್ಲಿಸಿ ನೋಡಿ, ಏನು ಮಾಡುತ್ತಿದ್ದೀರೋ ಅದನ್ನೇ ಮಾಡಿ ಎಂದರು.

ಆಗ ಅವಳು ರಸ್ತೆ ದಾಟಿ ಅಂಗಳಕ್ಕೆ ಹೋದಳು. ಬಿದ್ದರೆ ಹಿಡಿಯಲು ನಾನೂ ಹೋಗಿ ಹಿಂದಿನ ಸಾಲಿನಲ್ಲಿ ನಿಂತೆ. ಗುಂಪು ಬಲಕ್ಕೆ ತಿರುಗಿತು, ಅಕ್ಕ ಎಡಕ್ಕೆ ತಿರುಗಿ ಔಷಧಿ ಅಂಗಡಿಯವರ ಹೊಟ್ಟೆಗೆ ಮೊಣಕೈ ಕೊಟ್ಟಳು. ಎಲ್ಲರೂ ಎಡಗಾಲು ಹಿಂದಿಟ್ಟರೆ ಇವಳದು ಬಲಗಾಲು. ಮೊದಲಿಂದ ಕೊನೆಯವರೆಗೆ ಪೂರ್ತಿ ಉಲ್ಟಾ. ಜನ ನಕ್ಕರು. ನಗುವವರನ್ನು ಒಬ್ಬೊಬ್ಬರನ್ನಾಗಿ ನಾನು ಗುರುತಿಟ್ಟುಕೊಂಡೆ.

ಕ್ಯಾಪ್ಟನ್ ನಗಲಿಲ್ಲ. ಒಬ್ಬಳೇ ಮಾಡಿ ತೋರಿಸು ಎಂದು ಅಕ್ಕನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಯಾರ ಹತ್ತಿರ ಕಲಿತದ್ದು ಎಂದು ಕೇಳಿದರು. ಅಕ್ಕ ನಮ್ಮ ಅಂಗಡಿಯೊಳಗಿನ ಕನ್ನಡಿಯನ್ನು ತೋರಿಸಿದಳು. ಅದರಲ್ಲಿ ತಮ್ಮದೇ ಬಿಂಬ ಕಂಡು ಅವರು ಒಂದು ಕೈ ಎತ್ತಿ ನೋಡಿದರು.

"ಇದರಲ್ಲಿ ಎಡ ಬಲ ಬಿಟ್ರೆ ಒಂದು ತಪ್ಪೂ ಇಲ್ಲಮ್ಮ," ಎಂದರು. "ಬಲಗಡೆಯದ್ರಲ್ಲಿ ಪಳಗಿದವರಿಗೆ ಎಷ್ಟೋ ವರ್ಷ ಆದ್ಮೇಲೆ ಈ ಎಡಗಡೆಯದು ಹೇಳ್ಕೊಡ್ತಾರೆ. ನನಗೇ ಇನ್ನೂ ಇಷ್ಟು ಚೆನ್ನಾಗಿ ಬರಲ್ಲ. ಬೇಕಿದ್ರೆ ಎಲ್ಲರ ಜೊತೆ ಸೇರೋ ಹಾಗೆ ತಿದ್ದಿಕೊಡ್ತೀನಿ."

ನಕ್ಕವರ ಮುಖ ನೋಡಬೇಕಿತ್ತು. ನಾನಂತೂ ಕಣ್ತುಂಬ ನೋಡಿದೆ.

ಅಕ್ಕ ತಿದ್ದುವುದು ಬೇಡವೆಂದಳು. "ನನ್ನ ತಂಗಿಗೆ ಬಲಗಡೆಯದು ಕಲಿಸಿ," ಎಂದಳು. "ನನಗೆ ಇದೇ ಇರ್ಲಿ. ನಾವಿಬ್ರೂ ಎದುರುಬದುರು ನಿಲ್ಲೋರು."

ಗಾಜು ಹೊತ್ತವಳಾದ್ದರಿಂದ ನನಗೆ ತಕ್ಷಣ ಹೊಳೆಯಿತು. ಮುಖಕ್ಕೆ ಮುಖ ನಿಂತಾಗ ನನ್ನ ಬಲ ಅವಳ ಎಡ. ನಾನು ಬಲಕ್ಕೆ ತೂಗಿದಾಗ ಅವಳು ಎಡಕ್ಕೆ ತೂಗಿದರೆ ಮಾತ್ರ ಗಾಜು ನೆಟ್ಟಗೆ ನಿಲ್ಲುತ್ತದೆ. ಗೋಂದಿನ ಡಬ್ಬಿ ಎಂದು ನಕ್ಕವಳು ನಾನೇ ಅದರೊಳಗೆ ಬಿದ್ದೆ, ಮತ್ತೆ ಏಳುವ ಮನಸ್ಸಾಗಲಿಲ್ಲ. ಹಿಂದಕ್ಕೆ ಹೋಗುವ ಒಂದು ಹೆಜ್ಜೆಗೆ ಮಂಗ ಓಡಿಸುವುದು ಎಂದು ಹೆಸರು. ಎದುರಿಗೆ ಬರುವ ಮಂಗನನ್ನು ಅಂಗೈಯಲ್ಲಿ ತಳ್ಳುತ್ತಾ ಹಿಂದೆ ಸರಿಯಬೇಕು. ಅಕ್ಕ ಓಡಿಸುವವಳು, ಮಂಗ ನಾನು. ಕೆಲಸ ಮುಗಿದ ಮೇಲೆ ಅಂಗಡಿಯಲ್ಲಿ ಒಂದು ಪ್ಲೈವುಡ್ ಹಲಗೆಯನ್ನು ಗಾಜೆಂದು ಹಿಡಿದು ಅದೇ ಹೆಜ್ಜೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಹೋಗುತ್ತಿದ್ದೆವು.

ಕೊನೆಗೊಂದು ದಿನ ನೃತ್ಯಶಾಲೆಯಿಂದ ಫೋನ್ ಬಂತು, ಹಾಲ್ ಸಿದ್ಧವಾಗಿದೆ, ಕನ್ನಡಿ ತನ್ನಿ ಎಂದು. ನಾನು ಪೈಲ್ವಾನನನ್ನು ಕರೆಸಿದೆ. ಅಕ್ಕ ಮೊಳೆಯಿಂದ ಕೈಗವಸು ತೆಗೆದು, ದೂಳು ಕೊಡವಿ ಹಾಕಿಕೊಂಡಳು. ಕಾನೂನು ಗೊತ್ತಿದೆಯಲ್ಲ ಎಂದೆ. ಗೊತ್ತಿರುವುದಕ್ಕೇ ಹಾಕಿಕೊಂಡದ್ದು ಎಂದಳು. ಪೈಲ್ವಾನ ಗಾಡಿಗೆ ಏರಿಸಿ ಇಳಿಸಿದ್ದಷ್ಟೇ, ನೃತ್ಯಶಾಲೆಯ ಬಾಗಿಲಿನಿಂದ ಮುಂದೆ ನಾವಿಬ್ಬರೇ.

ಹಾಲ್ ಇದ್ದದ್ದು ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಕಿರಿದು, ನಡುವೆ ತಿರುವು ಬೇರೆ. ಅಕ್ಕ ಮೇಲಿನ ತುದಿಯಲ್ಲಿ, ಮೆಟ್ಟಿಲಿಗೆ ಬೆನ್ನು ಹಾಕಿ. ನಾನು ಕೆಳಗಿನ ತುದಿಯಲ್ಲಿ. ಅವಳ ಹಿಮ್ಮಡಿ ಮೆಟ್ಟಿಲನ್ನು ವಿಚಾರಿಸಿ, ಉತ್ತರ ಸಿಕ್ಕಮೇಲೆ ಭಾರ ಬಿಡುತ್ತಿತ್ತು. ಅವಳು ಎಡಕ್ಕೆ, ನಾನು ಬಲಕ್ಕೆ. ತಿರುವಿಗೆ ಬಂದಾಗ ಮೇಲೆ ಎಲ್ಲೋ ಬಾಗಿಲು ದಢಾರನೆ ಬಡಿದುಕೊಂಡಿತು. ಅಕ್ಕ ತಟ್ಟನೆ ತಲೆ ತಿರುಗಿಸಿದಳು. ಅವಳ ಮುಖ ಬಿಳಿಚಿಕೊಂಡದ್ದನ್ನು ಕಂಡೆ. ಒಂದು ಕಾಲು ಗಾಳಿಯಲ್ಲಿತ್ತು. ಅವಳು ಬಿದ್ದರೆ ಕನ್ನಡಿ ನನ್ನ ಮೇಲೆ, ನಾನು ಬಿಟ್ಟರೆ ಕನ್ನಡಿಯ ಜೊತೆ ಅವಳೂ ಕೆಳಗೆ.

ತಲೆ ಸುತ್ತುತ್ತಾ ಎಂದು ಮೆಲ್ಲಗೆ ಕೇಳಿದೆ.

"ಸುತ್ತುತ್ತೆ," ಎಂದಳು ಅಕ್ಕ. "ಸುತ್ಲಿ ಬಿಡು. ಕಾಲು ನೆಟ್ಟಗಿದೆ."

ಗಾಳಿಯಲ್ಲಿದ್ದ ಕಾಲು ಅವಸರವಿಲ್ಲದೆ ಇಳಿಯಿತು, ಮೆಟ್ಟಿಲನ್ನು ವಿಚಾರಿಸಿತು, ತುಂಬಿಕೊಂಡಿತು. ಅವಳು ಉಸಿರು ಬಿಟ್ಟ ಸದ್ದು ನನ್ನ ತುದಿಗೂ ಕೇಳಿಸಿತು. ನಾವು ತಿರುವು ದಾಟಿ ಮೇಲೆ ಹೋದೆವು.

ಕನ್ನಡಿಯನ್ನು ಗೋಡೆಗೆ ಕೂರಿಸಿ ಕ್ಲಿಪ್ಪು ಬಿಗಿದ ಮೇಲೆ ಅಕ್ಕ ಕೈಗವಸು ಬಿಚ್ಚದೆಯೇ ಅದರ ಮುಂದೆ ನಿಂತು ಮೊದಲಿನ ನಾಲ್ಕಾರು ಚಲನೆ ಮಾಡಿದಳು. ಹೊರಗಿನ ಅಕ್ಕ ತನ್ನ ಎಡದ ದಾರಿಯಲ್ಲೇ ಹೋದಳು. ಕನ್ನಡಿಯೊಳಗಿನ ಅಕ್ಕ ಮಾತ್ರ ಕ್ಯಾಪ್ಟನ್ ಹೇಳಿಕೊಟ್ಟ ಹಾಗೇ, ಅಂಗಳದವರೆಲ್ಲರಿಗಿಂತ ಚೆನ್ನಾಗಿ, ಬಲಕ್ಕೆ ತಿರುಗಿದಳು. ನೃತ್ಯಶಾಲೆಯ ಟೀಚರು ಇವರೂ ನೃತ್ಯ ಮಾಡುತ್ತಾರಾ ಎಂದು ಕೇಳಿದರು. ಇಲ್ಲ, ಗಾಜು ಹೊರುತ್ತಾರೆ ಎಂದೆ. ಆ ಮಾತು ಹೇಳುವಾಗ ನನ್ನ ಎದೆ ಉಬ್ಬಿತು.

ಮಾರನೆಯ ದಿನ ಬೆಳಗ್ಗೆ ಕನ್ನಡಿಯಿಲ್ಲದ ಹಿಂದಿನ ಗೋಡೆ ಬೋಳಾಗಿತ್ತು. ನಾನು ಬರುವಷ್ಟರಲ್ಲಿ ಅಕ್ಕ ಕೈಗವಸು ನೇತುಹಾಕಿದ್ದ ಮೊಳೆ ಕಿತ್ತು ಡಬ್ಬಿಗೆ ಹಾಕಿ, ಸ್ಟೂಲನ್ನು ಬೀದಿಯ ಕಡೆಗೆ ತಿರುಗಿಸಿ ಕೂತಿದ್ದಳು. ಔಷಧಿ ಅಂಗಡಿಯವರು ಹೋಗುತ್ತಾ ಹೇಗಿದ್ದೀರಿ ಎಂದು ಕೇಳಿದರು. ತೊಡೆಯ ಮೇಲಿದ್ದ ಕೈಗವಸನ್ನು ತೋರಿಸಿ ಅವಳು ನಕ್ಕಳು.